ನಾಲ್ಕು ಮಳೆಗಾಲ ಕಂಡ ಹಗುರ ಟೆಂಟ್: ನಾಪೋಕ್ಲಿನ ಕಾಫಿ ಕಣದಿಂದ ಸ್ವೀಡನ್ನಿನ ಕುಂಗ್ಸ್‌ಲೇಡೆನ್‌ವರೆಗೆ

ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ತೋಟ, ಮನೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಕಕ್ಕಡದಲ್ಲಂತೂ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆ ತಿಂಗಳಲ್ಲಿ, ಒಗೆದ ಬಟ್ಟೆ ಒಲೆ ಮೇಲಿನ ಹಗ್ಗದಲ್ಲೇ ಒಣಗಬೇಕು. ಇಂಥ ಊರಲ್ಲಿ ಟೆಂಟ್ ಹಾಳಾಗುವುದು ಹೊರಗಿನ ಮಳೆಗಿಂತ ಒಳಗಿನ ತೇವದಿಂದ. ನನ್ನ ಮೊದಲ ಟೆಂಟ್ ಹೋದದ್ದೇ ಹಾಗೆ. ಎರಡೂವರೆ ಕಿಲೋದ ಎರಡು ಪದರದ ಟೆಂಟ್, ಬಟ್ಟೆಗೆ ಪಾಲಿಯುರೆಥೇನ್ ಲೇಪನ. ಚೀಲದಲ್ಲಿ ಒತ್ತಿ ತುಂಬಿ ಅಟ್ಟಕ್ಕೆ ಹಾಕಿದವನು ಎರಡು ಮಳೆಗಾಲ ಆ ಕಡೆ ನೋಡಲಿಲ್ಲ. ಬಿಚ್ಚಿದಾಗ ಹಲಸಿನ ಮೇಣ ಮೆತ್ತಿದ ಹಾಗೆ ಅಂಟಂಟು, ಹುಳಿ ವಾಸನೆ ಬೇರೆ. ತೇವಕ್ಕೆ ಆ ಲೇಪನವೇ ಒಡೆದುಹೋಗುತ್ತದೆ. ಒಮ್ಮೆ ಶುರುವಾದರೆ ರಿಪೇರಿ ಇಲ್ಲ.

ಸ್ವೀಡನ್ನಿನ ಕುಂಗ್ಸ್‌ಲೇಡೆನ್ ಎಂಬ ಕಾಲ್ನಡಿಗೆ ಹಾದಿ ಮನಸ್ಸಿನಲ್ಲಿ ಕೂತ ಮೇಲೆ ಹುಡುಕಾಟ ಮತ್ತೆ ಶುರುವಾಯಿತು. ಉತ್ತರದ ಅಬಿಸ್ಕೊದಿಂದ ದಕ್ಷಿಣದ ಹೇಮವಾನ್‌ವರೆಗೆ ಸುಮಾರು 440 ಕಿ.ಮೀ. ಉತ್ತರ ಭಾಗದಲ್ಲಿ ಬಹುದೂರ ಮರಗಳೇ ಇಲ್ಲ, ಗಾಳಿಗೆ ತಡೆಯಿಲ್ಲ. ದಾರಿಯಲ್ಲಿ ತಂಗುಮನೆಗಳಿವೆ, ಆದರೆ ಎಲ್ಲ ಕಡೆ ಇಲ್ಲ, ನಮ್ಮ ಲೆಕ್ಕಕ್ಕೆ ದುಬಾರಿ ಕೂಡ. ಯಾರ ಮನೆಗೂ ತೀರ ಹತ್ತಿರ ಹೋಗದೆ, ಏನನ್ನೂ ಹಾಳುಮಾಡದೆ ಒಂದೆರಡು ರಾತ್ರಿ ಟೆಂಟ್ ಹಾಕುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ. ಅಬಿಸ್ಕೊ ರಾಷ್ಟ್ರೀಯ ಉದ್ಯಾನದೊಳಗೆ ಮಾತ್ರ ಗೊತ್ತುಮಾಡಿದ ಜಾಗದಲ್ಲೇ ಹಾಕಬೇಕು.

ನಾನು ತೆಗೆದುಕೊಂಡದ್ದು ಒಂದೇ ಪದರದ ಸಿಲ್‌ನೈಲಾನ್, ಅಂದರೆ ಸಿಲಿಕೋನ್ ಲೇಪನದ ನೈಲಾನ್ ಟೆಂಟ್. ಎರಡು ಟ್ರೆಕಿಂಗ್ ಪೋಲ್ ನಿಲ್ಲಿಸಿ ಕಟ್ಟುವಂಥದ್ದು, ಗೂಟ ಸೇರಿ 940 ಗ್ರಾಂ. ಸುಂಕ ಎಲ್ಲ ಸೇರಿ 30,000 ರೂಪಾಯಿ ಹತ್ತಿರ ಬಂತು. ಡೈನೀಮಾ ಎಂಬ ಬಲವಾದ ನಾರಿನ ಬಟ್ಟೆಯದು ಇನ್ನೂ ಹಗುರ, ನೀರು ಹೀರುವುದಿಲ್ಲ, ಜಗ್ಗುವುದಿಲ್ಲ. ಬೆಲೆ ಮಾತ್ರ ನನ್ನ ಕೈಗೆ ಎಟುಕುವಂತಿರಲಿಲ್ಲ.

ಆನೆ ಬರುವ ಕಾಲವಾದ್ದರಿಂದ ತೋಟದೊಳಗೆ ಮಲಗುವ ಮಾತೇ ಇರಲಿಲ್ಲ. ಕಾಫಿ ಕಣದ ಅಂಚಿನ ಹುಲ್ಲಿನಲ್ಲಿ, ಸಿಲ್ವರ್ ಓಕ್ ಮರದ ಕೆಳಗೆ ಕಟ್ಟಿದೆ. ಜುಲೈ ತಿಂಗಳು. ರಾತ್ರಿ ಹನ್ನೊಂದಕ್ಕೆ ತಲೆ ಮೇಲಿನ ಹೊಲಿಗೆಯಲ್ಲಿ ಒಂದು ಹನಿ ದಪ್ಪವಾಗುತ್ತಾ ಬಂದು ಹಣೆಗೆ ಬಿತ್ತು. ಆಮೇಲೆ ಸಾಲಾಗಿ. ಬೆಳಿಗ್ಗೆ ಅಮ್ಮ ಜಗಲಿಯಿಂದಲೇ ಕೇಳಿದರು, "ಒಳಗೂ ಮಳೆ ಬಂತಾ ಮಗ?" ಸಿಲಿಕೋನ್ ಲೇಪನದ ಬಟ್ಟೆಗೆ ಟೇಪ್ ಹಿಡಿಯುವುದಿಲ್ಲ, ಹೊಲಿಗೆಗೆ ಕೊಂಡವರೇ ಸಿಲಿಕೋನ್ ಹಚ್ಚಿಕೊಳ್ಳಬೇಕು. ಮಾರಿದವರು ಇದನ್ನು ಒಂದು ಸಾಲಿನಲ್ಲಾದರೂ ಬರೆದು ಕಳಿಸಬೇಕಿತ್ತು. ಆ ಬೇಸರ ನನಗೆ ಈಗಲೂ ಇದೆ. ಸಿಲಿಕೋನ್ ಟ್ಯೂಬನ್ನು ಪೇಂಟ್ ಅಂಗಡಿಯ ಟರ್ಪೆಂಟೈನ್‌ನಲ್ಲಿ ತೆಳು ಮಾಡಿ, ಹಳೆ ಬ್ರಷ್‌ನಿಂದ ಪ್ರತಿ ಹೊಲಿಗೆಗೂ ಎಳೆದು, ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಉಳಿದದ್ದನ್ನು ನೆಲದ ಬಟ್ಟೆಗೆ ಅಡ್ಡಗೆರೆಗಳಾಗಿ ಹಚ್ಚಿದೆ. ಇಲ್ಲದಿದ್ದರೆ ಮ್ಯಾಟ್ ರಾತ್ರಿಯಿಡೀ ಜಾರುತ್ತದೆ. ನಾಲ್ಕು ವರ್ಷದಲ್ಲಿ ಹೊಲಿಗೆ ಮತ್ತೆ ಸೋರಿಲ್ಲ.

ಎರಡನೆಯ ಪಾಠ ತೂಕದ್ದು. ನೆನೆದ ಟೆಂಟನ್ನು ಚೆನ್ನಾಗಿ ಕೊಡವಿ, ಕರಿಮೆಣಸು ತೂಗುವ ತಕ್ಕಡಿಯ ಮೇಲೆ ಇಟ್ಟೆ: 1,290 ಗ್ರಾಂ. ನೈಲಾನ್ ನೀರು ಹೀರುತ್ತದೆ, ಹೀರಿದ ಮೇಲೆ ಜಗ್ಗುತ್ತದೆ. ಸಂಜೆ ಡೋಲಿನಂತೆ ಬಿಗಿಯಾಗಿದ್ದ ಗೋಡೆ ಬೆಳಗಿನ ಜಾವಕ್ಕೆ ಸಡಿಲವಾಗಿ ಕಾಲ ಬಳಿಯ ಸ್ಲೀಪಿಂಗ್ ಬ್ಯಾಗಿಗೆ ತಾಗುತ್ತದೆ. ಒಳಗಿನಿಂದಲೇ ಪೋಲನ್ನು ಎರಡು ಸೆಂಟಿಮೀಟರ್ ಎತ್ತರಿಸಿದರೆ ಸಾಕು, ಮತ್ತೆ ಬಿಗಿಯಾಗುತ್ತದೆ. ಮಳೆ ನಾಡಿನವರು ಈಗ ಕೊಳ್ಳುವುದಾದರೆ ಸಿಲಿಕೋನ್ ಲೇಪನದ ಪಾಲಿಯೆಸ್ಟರ್ ನೋಡಿ. ತುಸು ಭಾರವಿರಬಹುದು, ಜಗ್ಗುವುದು ಬಹಳ ಕಡಿಮೆ.

ಒಳಗಿನ ಬೆವರು ಒಂದೇ ಪದರದ ಟೆಂಟಿಗೆ ಹುಟ್ಟುಗುಣ. ನಮ್ಮ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತೇವಲ್ಲ, ಆ ಒಂದೊಂದು ದಪ್ಪ ಹನಿ ಮೇಲೆ ಬಿದ್ದಾಗಲೂ ಒಳಗೋಡೆಯ ಬೆವರು ಸಿಡಿದು ಮುಖಕ್ಕೆ ಬರುತ್ತದೆ. ಮರದ ಕೆಳಗೆ, ಹೊಳೆ ಪಕ್ಕದ ತಗ್ಗಿನಲ್ಲಿ ಕಟ್ಟದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಉಳಿದರ್ಧಕ್ಕೆ ಬಾಗಿಲನ್ನು ಒಂದು ಗೇಣಾದರೂ ತೆರೆದಿಡಬೇಕು, ಜೊತೆಗೆ ನೀರು ಹೀರುವ ಒಂದು ತುಂಡು ಬಟ್ಟೆ.

ಆಗಸ್ಟ್‌ನಲ್ಲಿ ಹೊರಟೆ. ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ, ಅಲ್ಲೇ ಕೊಂಡೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಪೋಲ್, ಗೂಟಗಳನ್ನು ಚೆಕ್-ಇನ್ ಮಾಡಿದೆ. ಆ ಚೀಲ ಬರುವುದು ತಡವಾದರೆ ಟೆಂಟ್ ಕಟ್ಟಲು ಕೋಲೇ ಇರುವುದಿಲ್ಲ, ಹಾಗಾಗಿ ನಡಿಗೆಗೆ ಮೊದಲು ಎರಡು ದಿನ ಕೈಯಲ್ಲಿಟ್ಟುಕೊಂಡಿದ್ದೆ.

ನಿಜವಾದ ಪರೀಕ್ಷೆ ನಡೆದದ್ದು ಹಾದಿಯ ಅತಿ ಎತ್ತರದ ಜಾಗ, ಸುಮಾರು 1,150 ಮೀಟರಿನ ಟ್ಯೆಕ್ಟ್ಯಾ ಕಣಿವೆದಾರಿಯ ಹತ್ತಿರ. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ 1,748 ಮೀಟರ್ ಇದ್ದರೂ ಅಲ್ಲಿನ ಚಳಿ, ಗಾಳಿ ಬೇರೆಯೇ. ಮಳೆಯ ಮೂರನೆಯ ದಿನ. ನೆಲದಲ್ಲಿ ನಾಲ್ಕು ಬೆರಳು ಮಣ್ಣು, ಕೆಳಗೆಲ್ಲ ಕಲ್ಲು. ಟೆಂಟಿನ ಜೊತೆ ಬಂದಿದ್ದ ತೆಳು ಕೊಕ್ಕೆ ಗೂಟಗಳಲ್ಲಿ ಎರಡು ನಡುರಾತ್ರಿ ಕಿತ್ತುಬಂದವು. ಹೊರಗೆ ಹೋಗಿ, ದಾರಕ್ಕೆ ಕುಣಿಕೆ ಹಾಕಿ ಒಂದು ಕೋಲು ತೂರಿಸಿ, ಅದರ ಮೇಲೆ ತೊಡೆಗಾತ್ರದ ಕಲ್ಲುಗಳನ್ನು ಹೇರಿದೆ. ಅಲ್ಲಿಂದ ಬೆಳಗಾಗುವವರೆಗೆ ಟೆಂಟ್ ಅಲುಗಿತು, ಬೀಳಲಿಲ್ಲ. ಊರಿಗೆ ಬಂದ ಮೇಲೆ ಮೂಲೆಯ ಗೂಟಗಳನ್ನು ವೈ ಆಕಾರದವಕ್ಕೆ ಬದಲಿಸಿದ್ದೇನೆ. ಆ ಗೂಟಗಳಲ್ಲಿ ಉಳಿಸುವ 30 ಗ್ರಾಂ ಯಾರಿಗೂ ಬೇಡ.

ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಲೇಬಲ್‌ನಲ್ಲಿ ಉಷ್ಣತೆಯ ಅಂಕಿಗಳಿರುತ್ತವೆ: ಆರಾಮವಾಗಿ ಮಲಗಬಹುದಾದ ಚಳಿಗೆ ಕಂಫರ್ಟ್, ಮುದುಡಿಕೊಂಡು ತಡೆಯಬಹುದಾದ ಚಳಿಗೆ ಲಿಮಿಟ್. ಕಂಫರ್ಟ್ ಅಂಕಿಯನ್ನೇ ನಂಬಿ. ಗರಿಯ ಬ್ಯಾಗ್ ಹಗುರ, ಬೆಚ್ಚಗೆ, ಆದರೆ ನೆನೆದರೆ ಉಬ್ಬು ಇಳಿದು ಚಳಿ ತಡೆಯುವುದಿಲ್ಲ. ನಾನು ಅದನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಯೇ ಹೊತ್ತೆ.

ಮೂರನೆಯ ವರ್ಷಕ್ಕೆ ಸೊಳ್ಳೆಪರದೆಯ ಜಿಪ್ ಹಿಂದಿನಿಂದ ಬಿಚ್ಚಿಕೊಳ್ಳತೊಡಗಿತು. ಮರಳು ತಿಂದು ರನ್ನರ್ ಸವೆದಿತ್ತು. ಇಕ್ಕಳದಲ್ಲಿ ಎರಡೂ ಬದಿ ಮೆಲ್ಲಗೆ ಒತ್ತಿದ ಮೇಲೆ ಇಂದಿಗೂ ನಡೆಯುತ್ತಿದೆ. ನೆಲದಲ್ಲಿ ಒಂದು ಸಣ್ಣ ತೂತು, ಅದಕ್ಕೂ ಸಿಲಿಕೋನ್.

ಒಬ್ಬರೇ ನಡೆಯುವವರಿಗೆ, ಮೊದಲು ಮನೆಯಂಗಳದಲ್ಲಿ ನಾಲ್ಕು ರಾತ್ರಿ ನೆನೆಯಲು ಸಿದ್ಧರಿರುವವರಿಗೆ ಇಂಥ ಟೆಂಟ್ ಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ. ಮಕ್ಕಳನ್ನು ಕರೆದೊಯ್ಯುವವರು ಎರಡು ಪದರದ್ದನ್ನೇ ತೆಗೆದುಕೊಳ್ಳಲಿ. ನನ್ನದು ಈಗ ಅಟ್ಟದ ಮೇಲಿಲ್ಲ. ಅದರ ಚೀಲಕ್ಕೆ ತುರುಕದೆ, ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ಹಾಕಿ ಮಲಗುವ ಕೋಣೆಯ ಕಪಾಟಿನಲ್ಲಿಟ್ಟಿದ್ದೇನೆ. ಮಳೆ ಬಿಡುವು ಕೊಟ್ಟ ದಿನ ಜಗಲಿಯಲ್ಲಿ ಹರವುತ್ತೇನೆ. ಕಕ್ಕಡ ಪೂರ್ತಿ ಬಿಸಿಲು ಕಾಣದಿದ್ದರೆ ಒಲೆಯಿರುವ ಕೋಣೆಯಲ್ಲಿ, ಕಿಡಿ ಹಾರದಷ್ಟು ದೂರದಲ್ಲಿ.