ಪೀಕ್ ಫ್ಲೋ ಮೀಟರ್: ನಾಲ್ಕು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ತೀವ್ರ ಅಸ್ತಮಾ ಇರುವ ಮಗಳು ಒಬ್ಬಳೇ ಬಾಡಿಗೆ ಮನೆ ಹಿಡಿಯುತ್ತೇನೆಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆ, ರಾತ್ರಿ ಹೊತ್ತು ದಮ್ಮು ಕಟ್ಟಿದರೆ ಜೊತೆಗೆ ಯಾರಿದ್ದಾರೆ ಎಂಬುದು. ತೀರ್ಥಹಳ್ಳಿಯಿಂದ ಬೆಂಗಳೂರಿನ ವಿಜಯನಗರಕ್ಕೆ ಬಂದ ಹೊಸದರಲ್ಲಿ ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅಮ್ಮ ಪ್ರತಿ ರಾತ್ರಿ ಫೋನು ಮಾಡಿ, ಮಾತಿನ ನಡುವೆ ಏದುಸಿರು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟು ಆಲಿಸಿ, ಧ್ವನಿ ಕೊಂಚ ಕುಗ್ಗಿದಂತೆ ಕಂಡರೆ ಮರುದಿನವೇ ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ಆ ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ನನ್ನ ಉಸಿರು ಹೇಗಿದೆ ಎಂಬುದನ್ನು ನನ್ನನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುತ್ತಿದ್ದುದು ನನಗೆ ಬಹಳ ನೋವು ಕೊಡುತ್ತಿತ್ತು.

ಇದನ್ನು ಬದಲಿಸಿದ್ದು ವೈದ್ಯರು ಬರೆದುಕೊಟ್ಟ ಪೀಕ್ ಫ್ಲೋ ಮೀಟರ್, ಅಂದರೆ ಊದಿದ ಉಸಿರಿನ ವೇಗ ಅಳೆಯುವ ಸಾಧನ. ನಾನು ಕೊಂಡಾಗ ಅದರ ಬೆಲೆ 600 ರೂಪಾಯಿಯೊಳಗಿತ್ತು. ಅಂಗೈಯಷ್ಟು ಉದ್ದದ ಪ್ಲಾಸ್ಟಿಕ್ ಕೊಳವೆ, ಒಳಗೊಂದು ಸ್ಪ್ರಿಂಗ್, ಮೇಲೆ 60ರಿಂದ 800ರವರೆಗಿನ ಅಳತೆಪಟ್ಟಿ ಮತ್ತು ಅದರ ಮೇಲೆ ಸರಿಯುವ ಕೆಂಪು ಮುಳ್ಳು; ಬ್ಯಾಟರಿ ಬೇಡ, ಕರೆಂಟು ಬೇಡ. ಮುಳ್ಳನ್ನು ಕೆಳಕ್ಕೆ ತಳ್ಳಿ, ನೆಟ್ಟಗೆ ನಿಂತು, ಎದೆ ತುಂಬ ಉಸಿರೆಳೆದುಕೊಂಡು, ಕೊಳವೆಯ ಬಾಯಿಯ ಸುತ್ತ ತುಟಿಗಳನ್ನು ಬಿಗಿಯಾಗಿ ಮುಚ್ಚಿ ಒಂದೇ ರಭಸಕ್ಕೆ ಊದಿದರೆ, ಉಸಿರು ಅತಿ ವೇಗವಾಗಿ ಹೊರಬಿದ್ದ ಕ್ಷಣದ ಅಳತೆ ನಿಮಿಷಕ್ಕೆ ಇಷ್ಟು ಲೀಟರ್ ಎಂದು ಸಿಗುತ್ತದೆ. ಮೂರು ಸಲ ಊದಿ, ಸರಾಸರಿಯನ್ನಲ್ಲ, ಅತಿ ಹೆಚ್ಚು ಬಂದದ್ದನ್ನು ಬರೆದಿಡಬೇಕು. ಮಾರ್ಟಿನ್ ರೈಟ್ ಎಂಬ ಬ್ರಿಟಿಷ್ ವೈದ್ಯರು ಇದರ ಮೂಲ ರೂಪವನ್ನು 1959ರಲ್ಲಿ ವೈದ್ಯಲೋಕದ ಮುಂದಿಟ್ಟರು. ಇಂದು ಮನೆಗಳಲ್ಲಿರುವ ಹಗುರ ಮೀಟರುಗಳು ಆಮೇಲೆ ಬಂದವು.

ಅಂಕಿಗೆ ಅರ್ಥ ಬರುವುದು ನಮ್ಮ ನಮ್ಮ ಅತ್ಯುತ್ತಮ ಅಳತೆಯೊಡನೆ ಹೋಲಿಸಿದಾಗ ಮಾತ್ರ. ಕಾಯಿಲೆ ಹತೋಟಿಯಲ್ಲಿದ್ದ ಎರಡು ಮೂರು ವಾರಗಳಲ್ಲಿ ನನಗೆ ಬಂದ ಗರಿಷ್ಠ 380. ಅದರ ಶೇಕಡ 80, ಅಂದರೆ 304ಕ್ಕಿಂತ ಮೇಲಿದ್ದರೆ ಹಸಿರು, ಶೇಕಡ 50, ಅಂದರೆ 190ಕ್ಕಿಂತ ಕೆಳಗಿಳಿದರೆ ಕೆಂಪು, ನಡುವಿನದು ಹಳದಿ. ಪ್ರತಿ ಬಣ್ಣಕ್ಕೂ ಯಾವ ಪಂಪು (ಇನ್ಹೇಲರ್) ಎಷ್ಟು ಸಲ, ಯಾವಾಗ ಫೋನು, ಯಾವಾಗ ಆಸ್ಪತ್ರೆ ಎಂಬುದನ್ನು ವೈದ್ಯರು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಆ ಹಾಳೆಯಿಲ್ಲದೆ ಮೀಟರನ್ನು ಮಾತ್ರ ಕೊಂಡರೆ ಅದರಿಂದ ಅರ್ಧ ಪ್ರಯೋಜನವೂ ಇಲ್ಲ.

ಕಳೆದ ನವೆಂಬರಿನ ಒಂದು ಬೆಳಿಗ್ಗೆ ಕೆಮ್ಮಿರಲಿಲ್ಲ, ಎದೆಯಲ್ಲಿ ಗೊರಗೊರ ಸದ್ದೂ ಇರಲಿಲ್ಲ. ಮೆಟ್ಟಿಲಿಳಿದು ಹಾಲು ತಂದು ಎಂದಿನಂತೆ ಊದಿದರೆ 290 ಬಂತು. ಮರುದಿನ 275. ಹಾಳೆಯಲ್ಲಿದ್ದಂತೆ ಔಷಧಿ ಹೆಚ್ಚಿಸಿ ವೈದ್ಯರಿಗೆ ತಿಳಿಸಿದೆ, ಅವರ ಸಲಹೆಯಂತೆ ನಡೆದುಕೊಂಡೆ. ಐದನೆಯ ದಿನ 330ಕ್ಕೆ ಏರಿತು. ಮೊದಲಾಗಿದ್ದರೆ ಅದೇ ವಾರ ನಡುರಾತ್ರಿಯಲ್ಲಿ ಪಕ್ಕದ ಮನೆಯ ಬಾಗಿಲು ಬಡಿಯಬೇಕಾಗುತ್ತಿತ್ತೆಂದು ನನಗನ್ನಿಸುತ್ತದೆ.

ಇದರ ಕೊರತೆಗಳು ಸಣ್ಣವಲ್ಲ. ಅಳತೆ ನಾವು ಹಾಕುವ ಬಲವನ್ನೇ ಅವಲಂಬಿಸಿರುವುದರಿಂದ ನಿದ್ದೆಗಣ್ಣಿನಲ್ಲಿ ಅರೆಮನಸ್ಸಿನಿಂದ ಊದಿದರೆ ಸುಳ್ಳು ಅಂಕಿ ಬರುತ್ತದೆ. ಅಂಕಿ ಹಸಿರಿನಲ್ಲಿದ್ದರೂ ಮಾತಾಡಲು ಉಸಿರು ಸಾಲದಿದ್ದರೆ ಮೀಟರನ್ನು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಬೇಕು. ಒಮ್ಮೆ 310 ತೋರಿಸಿದ ರಾತ್ರಿ ನಾನು ಹಾಗೆಯೇ ಹೊರಟೆ, ಹೊರಟದ್ದು ಸರಿಯಾಗಿತ್ತು. ನನಗೆ ಸಿಕ್ಕಿದ ಡಬ್ಬಿಯಲ್ಲಿ ಕನ್ನಡದ ಒಂದು ಸಾಲೂ ಇರಲಿಲ್ಲ. ಉಬ್ಬಸದಿಂದ ಬಳಲುವ ಊರಿನ ಹಿರಿಯರೊಬ್ಬರಿಗೆ ಇದನ್ನು ಕೊಡಿಸಿದಾಗ, ಬಳಸುವ ಕ್ರಮವನ್ನೆಲ್ಲ ನಾನೇ ಕನ್ನಡದಲ್ಲಿ ಬರೆದು ಅಂಟಿಸಬೇಕಾಯಿತು. ಕರ್ನಾಟಕದಲ್ಲಿ ಮಾರುವ ಉಸಿರಿನ ಸಾಧನಕ್ಕೆ ಇಷ್ಟಾದರೂ ಇರಬೇಕು.

ಈಗ ಅಮ್ಮ ಫೋನಿನಲ್ಲಿ ನನ್ನ ಧ್ವನಿಯನ್ನು ಅಳೆಯುವುದಿಲ್ಲ. 'ಇವತ್ತೆಷ್ಟು ಬಂತೇ?' ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ, ಆಮೇಲೆ ಅಡಿಕೆ ಕೊಯ್ಲಿನ ಮಾತು ಶುರುವಾಗುತ್ತದೆ. 300ಕ್ಕಿಂತ ಕಡಿಮೆ ಬಂದ ದಿನವೂ ಬರಲೇ ಎಂದು ಕೇಳುತ್ತಾರೆಯೇ ಹೊರತು ಹೇಳದೆ ಬಸ್ಸು ಹತ್ತುವುದಿಲ್ಲ.

ತೊಳೆದು ತೊಳೆದು ನನ್ನ ಮೀಟರಿನ ಅಂಕಿಗಳು ಮಾಸಿವೆ, ಮುಳ್ಳು ಆಗಾಗ ಸಿಕ್ಕಿಕೊಳ್ಳುತ್ತದೆ. ಒಂದು ಮೀಟರಿಗೂ ಇನ್ನೊಂದಕ್ಕೂ ಅಳತೆಯಲ್ಲಿ ವ್ಯತ್ಯಾಸವಿರುವುದರಿಂದ, ಹೊಸದನ್ನು ತಂದ ಮೇಲೆ ಅದರಲ್ಲೇ ಎರಡು ವಾರ ಊದಿ, ನನ್ನ ಹೊಸ ಗರಿಷ್ಠವನ್ನು ಗುರುತಿಸಿಕೊಂಡು, ವೈದ್ಯರಿಂದ ಹಾಳೆಯನ್ನೂ ತಿದ್ದಿಸಿಕೊಂಡು ಬರಬೇಕಾಗಿದೆ.