ಅಲ್ಯೂಮಿನಿಯಂ ಹೀಟರ್ ಕೋರ್: ಮೂರು ಮಳೆಗಾಲ ಕಳೆದ ಮೇಲೆ

ಹೀಟರ್ ಕೋರ್ ಎಂದರೆ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಬಿಸಿಯಾಗಿ ಇದರೊಳಗೆ ಹರಿದು ಕಾರಿನೊಳಗೆ ಬಿಸಿಗಾಳಿ ಕೊಡುತ್ತದೆ. ಪುಣೆಯ ನಾನಾ ಪೇಠ್‌ನಲ್ಲಿ 1,400 ರೂಪಾಯಿಗೆ ಕೊಂಡ ಕೋರ್ ಇದು, ಕಾರು ಕಂಪನಿಯ ಅಸಲಿ ಮಾಲಲ್ಲ. 2002ರ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ ಮನೆಯಲ್ಲೇ ಹಾಕಿ ಮೂರು ಮಳೆಗಾಲ, 24,000 ಕಿ.ಮೀ. ಆಯಿತು. ಒಂದು ಹನಿ ಸೋರಿಲ್ಲ. ಕೋರ್‌ಗೆ ಪೂರ್ತಿ ಅಂಕ, ಜೊತೆಗೆ ಬಂದ ಫೋಮ್ ಪಟ್ಟಿಗೆ ಸೊನ್ನೆ.

ಕೋರ್ ಸೋರಿದರೆ ಅದರ ಎರಡು ಹೋಸ್ ಒಂದಕ್ಕೊಂದು ಜೋಡಿಸಿ, ಕೂಲಂಟ್ ಕೋರ್‌ಗೆ ಹೋಗದಂತೆ ಬೈಪಾಸ್ ಮಾಡಿಕೊಡುವುದು ಇಲ್ಲಿನ ಗ್ಯಾರೇಜುಗಳ ವಾಡಿಕೆ. ತುರ್ತಿಗೆ ಸರಿ, ಕಾಯಂ ಬೇಡ. ಡಿಸೆಂಬರ್ ನಸುಕಿನಲ್ಲಿ ಊರಿಗೆ ಹೊರಟು ಖಂಬಾಟ್ಕಿ ಘಾಟ್ ಹತ್ತುವಾಗ, ಜುಲೈಯಲ್ಲಿ ಅಂಬೋಲಿ ಘಾಟ್ ದಾಟುವಾಗ, ಏಸಿ ಜೊತೆ ಬಿಸಿಗಾಳಿಯೂ ಬೇಕು. ಇಲ್ಲದಿದ್ದರೆ ಗಾಜಿನ ಮಬ್ಬು ಬೇಗ ಬಿಡುವುದಿಲ್ಲ.

ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಿ. ಎಡ ಸೀಟಿನ ಮುಂದಿನ ಕಾರ್ಪೆಟ್ ಒದ್ದೆಯಾಗಿದ್ದು ಬರೀ ನೀರಾದರೆ ಏಸಿಯ ಡ್ರೈನ್ ಪೈಪ್ ಕಟ್ಟಿರಬಹುದು. ಬೆರಳಿಗೆ ಜಿಡ್ಡು ಹತ್ತಿ ಸಿಹಿ ವಾಸನೆ ಬಂದರೆ ಕೋರೇ.

ಹೊಸ ಕೋರ್ ಅನ್ನು ಹಾಗೇ ಕೂರಿಸಬೇಡಿ. ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಫುಟ್ ಪಂಪ್ ಸಿಕ್ಕಿಸಿ, ಬಕೆಟ್ ನೀರಲ್ಲಿ ಮುಳುಗಿಸಿ 1 ಬಾರ್ ಗಾಳಿ ಕೊಡಿ. ಗುಳ್ಳೆ ಎದ್ದರೆ ಅಂಗಡಿಗೆ ವಾಪಸ್. ಎರಡು ನಿಮಿಷದ ಈ ಕೆಲಸ ಬಿಟ್ಟರೆ ಡ್ಯಾಶ್‌ಬೋರ್ಡ್ ಎರಡು ಸಲ ಬಿಚ್ಚುವ ಪಾಡು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ಮೈನಸ್ ತೆಗೆದು, ಕೂಲಂಟ್ ಅನ್ನು ಡಬ್ಬಿಗೆ ಇಳಿಸಿ, ಮುಚ್ಚಳ ಹಾಕಿಡಿ. ಸಿಹಿಯೆಂದು ನೆಕ್ಕಿದ ನಾಯಿ ಬೆಕ್ಕು ಸಾಯುತ್ತವೆ, ಅಂಗಳದಲ್ಲಿ ಚೆಲ್ಲಲೇಬೇಡಿ. ಫೈರ್‌ವಾಲ್ (ಎಂಜಿನ್ ಮತ್ತು ಕಾರಿನ ಒಳಭಾಗದ ನಡುವಿನ ತಗಡಿನ ಗೋಡೆ) ಹತ್ತಿರದ ಹೋಸ್‌ಗಳನ್ನು ತಿರುಚಿ ಎಳೆಯಬಾರದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಹೇಗೂ ಹೊಸ ಹೋಸ್, ಹೊಸ ಕ್ಲಾಂಪ್ ಬೇಕು. ಕೋರ್ ಹೊರಗೆಳೆಯುವ ಮೊದಲು ಒಂದು ಪೈಪಿಗೆ ಗಾಳಿ ಹೊಡೆದು ಒಳಗೆ ಉಳಿದದ್ದನ್ನು ಎಂಜಿನ್ ಕಡೆಗೇ ತಳ್ಳಿ, ಕಾರ್ಪೆಟ್ ಉಳಿಯುತ್ತದೆ. ಈ ಕಾರಿನಲ್ಲಿ ಡ್ಯಾಶ್ ಹಿಂದೆ ಕೋರ್ ಕೂರುವ ಡಬ್ಬಿಯೇ ಬೇರೆ, ಏಸಿ ಕಾಯಿಲ್ ಇರುವ ಡಬ್ಬಿಯೇ ಬೇರೆ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಮೊದಲು ಏಸಿ ಅಂಗಡಿಯಲ್ಲಿ ಗ್ಯಾಸ್ ತೆಗೆಸಿ.

ಇನ್ನು ಫೋಮ್. ಜೊತೆಗೆ ಬಂದ ಪಟ್ಟಿ 3 ಮಿ.ಮೀ. ದಪ್ಪ, ಕೋರ್ ಮತ್ತು ಅದರ ಡಬ್ಬಿಯ ನಡುವಿನ ಸಂದು 6 ಮಿ.ಮೀ. ಅದನ್ನೇ ಅಂಟಿಸಿದರೆ ಗಾಳಿ ಕೋರಿನೊಳಗೆ ಹೋಗದೆ ಪಕ್ಕದಿಂದ ನುಸುಳಿ ಉಗುರುಬೆಚ್ಚಗೆ ಬರುತ್ತದೆ, ಹೊಂಡ ಬಿದ್ದ ರಸ್ತೆಯಲ್ಲಿ ಕೋರ್ ಕಟಕಟ ಎನ್ನುತ್ತದೆ. ನೀರು ಹೀರದ 8 ಮಿ.ಮೀ. ಫೋಮ್ ತಂದು ನಾಲ್ಕೂ ಅಂಚಿಗೆ ಒತ್ತಿ ಅಂಟಿಸಿ.

ತುಂಬುವಾಗ ನೀರು ಬೆರೆಸದ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ. ಬೋರ್‌ವೆಲ್ ನೀರು ಬೇಡವೇ ಬೇಡ. ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ರೇಡಿಯೇಟರ್ ಕ್ಯಾಪ್ ತೆಗೆದಿಟ್ಟು, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಐಡ್ಲಿಂಗ್‌ನಲ್ಲಿ ಬಿಡಿ. ಗುಳ್ಳೆ ನಿಂತ ಮೇಲೆ ಕ್ಯಾಪ್ ಮುಚ್ಚಿ. ಆಮೇಲೂ ಡ್ಯಾಶ್ ಹಿಂದೆ ಗುಳುಗುಳು ಸದ್ದು ಕೇಳಿದರೆ ಗಾಳಿ ಉಳಿದಿದೆ ಎಂದೇ ಅರ್ಥ. ಮರುದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ ಮತ್ತೆ ಮಟ್ಟ ನೋಡಿ ತುಂಬಿ.

ಅಲ್ಯೂಮಿನಿಯಂ ಬೇಗ ತೂತಾಗಲು ಅರ್ತಿಂಗ್ ದೋಷವೂ ಒಂದು ಕಾರಣ: ಅರ್ತ್ ತಂತಿ ಸರಿಯಿಲ್ಲದಿದ್ದರೆ ಕರೆಂಟ್ ಕೂಲಂಟ್ ಮೂಲಕ ಹರಿದು ಲೋಹವನ್ನು ತಿನ್ನುತ್ತದೆ. ಮಲ್ಟಿಮೀಟರಿನ ಕಪ್ಪು ತಂತಿ ಬ್ಯಾಟರಿಯ ಮೈನಸ್‌ಗೆ, ಕೆಂಪು ತುದಿ ಲೋಹಕ್ಕೆ ತಾಗದಂತೆ ತಣ್ಣನೆಯ ಕೂಲಂಟ್‌ಗೆ. 0.3 ವೋಲ್ಟ್ ದಾಟಿದರೆ ಎಂಜಿನ್ನಿನ ಅರ್ತ್ ತಂತಿ ಬಿಚ್ಚಿ ತುಕ್ಕು ಉಜ್ಜಿ, ಕೂಲಂಟ್ ಬದಲಿಸಿ. ಈ ಕಾರಿನಲ್ಲಿ ಕಳೆದ ಸರ್ವಿಸ್‌ಗೆ ತೋರಿಸಿದ್ದು 0.06.