ರಿಯಾಕ್ಟ್ ಹೆಲ್ಮೆಟ್ ಜೊತೆ ಆರು ವರ್ಷ: ಟ್ಯಾಬ್‌ನ ಹೆಸರು ಬದಲಾಯಿತು, ಪ್ರಿವ್ಯೂ ಬದಲಾಗಲಿಲ್ಲ

ರಿಯಾಕ್ಟ್ ಅಂದರೆ ಜಾಲಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ; ಅದರಲ್ಲಿ ಪುಟದ ಹೆಸರು, ವಿವರಣೆ ಬದಲಿಸಲು ಇರುವ ಸಣ್ಣ ಲೈಬ್ರರಿ ರಿಯಾಕ್ಟ್ ಹೆಲ್ಮೆಟ್. ಇದಕ್ಕೆ ನಾನು ಬಂದದ್ದು 2019ರಲ್ಲಿ, ಒಂದು ದೂರಿನ ಬೆನ್ನು ಹತ್ತಿ. ನಮ್ಮದು ಆನ್‌ಲೈನ್ ಪಾಠಗಳ ಆಪ್. ಬಳಸುವವರೊಬ್ಬರು ಒಂಬತ್ತು ಟ್ಯಾಬ್ ತೆರೆದಿಟ್ಟ ಸ್ಕ್ರೀನ್‌ಶಾಟ್ ಕಳಿಸಿದ್ದರು. ಒಂಬತ್ತಕ್ಕೂ ಒಂದೇ ಹೆಸರು. ‘ಯಾವುದರಲ್ಲಿ ಯಾವ ಪಾಠ ಇದೆ ಅಂತ ಹೇಗೆ ಗೊತ್ತಾಗಬೇಕು?’ ಅಂತ ಕೇಳಿದ್ದರು. ಬ್ರೌಸರ್ ಹಿಸ್ಟರಿ ತೆರೆದು ನೋಡಿದೆ. ಅಲ್ಲೂ ಮೇಲಿಂದ ಕೆಳಗಿನವರೆಗೆ ಅದೇ ಹೆಸರು.

ಸಿಂಗಲ್ ಪೇಜ್ ಆಪ್ ಬರೆದವರಿಗೆ ಇದು ಹೊಸದಲ್ಲ. ಸರ್ವರ್ ಕೊಡುವುದು ಒಂದೇ ಎಚ್‌ಟಿಎಂಎಲ್ ಫೈಲ್. ಆಮೇಲೆ ಲಿಂಕ್ ಒತ್ತಿದಾಗಲೆಲ್ಲ ಜಾವಾಸ್ಕ್ರಿಪ್ಟ್ ಕಣ್ಣಿಗೆ ಕಾಣುವ ಭಾಗವಾದ ಬಾಡಿಯನ್ನು ಮಾತ್ರ ಬದಲಿಸುತ್ತದೆ. ಪುಟದ ಟೈಟಲ್, ವಿವರಣೆ ಇರುವ ಹೆಡ್ ಭಾಗವನ್ನು ಯಾರೂ ಮುಟ್ಟುವುದಿಲ್ಲ. ಬದಲಿಸಬೇಕಾದದ್ದು ಟೈಟಲ್ ಮಾತ್ರ ಆಗಿದ್ದರೆ ಒಂದು ಸಾಲಿನ ಕೋಡ್ ಸಾಕು. ಡಿಸ್ಕ್ರಿಪ್ಷನ್ (ಪುಟದ ವಿವರಣೆ), ಕೆನಾನಿಕಲ್ ಲಿಂಕ್ (ಪುಟದ ಅಧಿಕೃತ ವಿಳಾಸ), ಓಪನ್ ಗ್ರಾಫ್ ಟ್ಯಾಗ್ (ಲಿಂಕ್ ಹಂಚಿದಾಗ ಕಾಣುವ ಹೆಸರು, ಚಿತ್ರ) ಅಂತ ಶುರುವಾದರೆ ಎಲ್ಲ ಗೋಜಲಾಗುತ್ತದೆ. ಹಳೇ ಪುಟದ ಟ್ಯಾಗ್ ತೆಗೆಯುವುದನ್ನು ಯಾರಾದರೊಬ್ಬರು ಮರೆತೇ ಮರೆಯುತ್ತಾರೆ.

ಹೀಗೆ ಬಂದದ್ದು ರಿಯಾಕ್ಟ್ ಹೆಲ್ಮೆಟ್. ಹೆಡ್‌ಗೆ ಹೆಲ್ಮೆಟ್, ಹೆಸರು ಚೆನ್ನಾಗಿದೆ ಅಲ್ವಾ? ಇದನ್ನು ಹೊರತಂದದ್ದು ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡೆವಲಪರ್ ತಂಡ ಅಂತ ಗೊತ್ತಾದಾಗ ಇನ್ನೂ ನಗು ಬಂತು.

ಬಳಸುವುದು ನಿಜಕ್ಕೂ ಸುಲಭ. ಯಾವ ಕಾಂಪೊನೆಂಟ್‌ನಲ್ಲಿ ಬೇಕೋ (ಪುಟದ ಒಂದು ತುಂಡು) ಅಲ್ಲೇ ಹೆಲ್ಮೆಟ್ ಟ್ಯಾಗ್ ತೆರೆದು, ಒಳಗೆ ಟೈಟಲ್, ವಿವರಣೆಯಂಥ ಮೆಟಾ ಟ್ಯಾಗ್ ಬರೆದರೆ ಆಯಿತು. ನನಗೆ ಜಾಸ್ತಿ ಹಿಡಿಸಿದ್ದು ಒಂದರ ಮೇಲೆ ಒಂದು ಕೂರುವ ರೀತಿ. ಹೊರಗಿನ ಲೇಔಟ್‌ನಲ್ಲಿ ಒಂದು ಸಾಮಾನ್ಯ ಟೈಟಲ್ ಇಟ್ಟಿರಬಹುದು. ಒಳಗಿನ ಪುಟ ತನ್ನದೇ ಟೈಟಲ್ ಕೊಟ್ಟರೆ ಅದೇ ಗೆಲ್ಲುತ್ತದೆ. ಆ ಪುಟದಿಂದ ಹೊರಬಂದರೆ ಹಳೆಯದು ತಾನಾಗಿಯೇ ವಾಪಸ್ ಬರುತ್ತದೆ. ಟೈಟಲ್ ಟೆಂಪ್ಲೇಟ್ ಕೂಡ ಇದೆ. ‘ಪುಟದ ಹೆಸರು, ಗೆರೆ, ಆಪ್‌ನ ಹೆಸರು’ ಅನ್ನುವ ಮಾದರಿಯನ್ನು ಒಂದೇ ಕಡೆ ಬರೆದರೆ ಸಾಕು. ಈ ಭಾಗದಲ್ಲಿ ಆರು ವರ್ಷದಲ್ಲಿ ಒಂದು ದಿನವೂ ತೊಂದರೆಯಾಗಿಲ್ಲ.

ಸಣ್ಣ ಪುಟ್ಟ ಎಡವಟ್ಟುಗಳು ಎಲ್ಲರಿಗೂ ಆಗುವಂಥವೇ. ಟೈಟಲ್ ಒಳಗೆ ವೇರಿಯಬಲ್ ಮತ್ತು ಪಠ್ಯ ಪಕ್ಕಪಕ್ಕ ಬರೆದರೆ ರಿಯಾಕ್ಟ್ ಅದನ್ನು ಎರಡು ತುಂಡು ಅಂದುಕೊಳ್ಳುತ್ತದೆ, ಹೆಲ್ಮೆಟ್ ಎರರ್ ಎಸೆಯುತ್ತದೆ. ಎರಡನ್ನೂ ಸೇರಿಸಿ ಒಂದೇ ಸ್ಟ್ರಿಂಗ್ ಮಾಡಿ ಕೊಡಬೇಕು. ಡೇಟಾ ಬರುವ ಮೊದಲೇ ಟೈಟಲ್ ಬರೆದು, ಟ್ಯಾಬ್‌ನಲ್ಲಿ ‘ಅನ್‌ಡಿಫೈನ್ಡ್’ ಅಂತ ತೋರಿಸಿದ ಕೀರ್ತಿಯೂ ನನಗಿದೆ. ಇನ್ನೊಂದು, ಮೂಲ ಎಚ್‌ಟಿಎಂಎಲ್ ಫೈಲ್‌ನಲ್ಲಿ ಮೊದಲೇ ಬರೆದಿಟ್ಟ ಡಿಸ್ಕ್ರಿಪ್ಷನ್ ಹೆಲ್ಮೆಟ್‌ಗೆ ತನ್ನದು ಅಂತ ಗೊತ್ತಾಗುವುದಿಲ್ಲ. ಅದನ್ನು ಹಾಗೇ ಬಿಟ್ಟು ಇನ್ನೊಂದನ್ನು ಸೇರಿಸುತ್ತದೆ. ನಮ್ಮ ಪ್ರತಿ ಪುಟದಲ್ಲೂ ಎರಡೆರಡು ಡಿಸ್ಕ್ರಿಪ್ಷನ್ ತಿಂಗಳುಗಟ್ಟಲೆ ಇತ್ತು.

ತಲೆ ಕೆಡಿಸಿದ್ದು ಬೇರೆ. ನಮ್ಮ ಸಪೋರ್ಟ್ ತಂಡಕ್ಕೆ ಒಂದು ಚಾಟ್ ಪ್ಯಾನೆಲ್ ಮಾಡಿದ್ದೆವು. ಹೊಸ ಸಂದೇಶ ಬಂದರೆ ಟ್ಯಾಬ್‌ನ ಹೆಸರಿನ ಮುಂದೆ 1, 2, 3 ಅಂತ ಸಂಖ್ಯೆ ಬರಬೇಕು. ಸಂಖ್ಯೆ ಬರುವುದೇ ಇಲ್ಲ ಅಂತ ತಂಡದವರು ಹೇಳಿದರು. ನಾನು ಹೋಗಿ ನೋಡಿದರೆ ಬರುತ್ತಿತ್ತು. ‘ಬರ್ತಿದೆಯಲ್ಲ’ ಅಂದೆ. ‘ನೀವು ನೋಡಿದಾಗ ಬರುತ್ತೆ, ನಾವು ಬೇರೆ ಕೆಲಸದಲ್ಲಿದ್ದಾಗ ಬರಲ್ಲ’ ಅಂದರು. ಸುಮ್ನೆ ಹೇಳುತ್ತಿದ್ದಾರೆ ಅಂತ ನಾನು ಎರಡು ವಾರ ಅದನ್ನು ಪಕ್ಕಕ್ಕಿಟ್ಟೆ.

ಅವರ ಮಾತೇ ಸರಿ. ಹೆಲ್ಮೆಟ್ ತನ್ನ ಬದಲಾವಣೆಗಳನ್ನು ತಕ್ಷಣ ಮಾಡುವುದಿಲ್ಲ. ಬ್ರೌಸರ್ ಮುಂದಿನ ಸಲ ಪರದೆ ಬರೆಯುವವರೆಗೆ ಕಾಯುತ್ತದೆ. ಅದಕ್ಕಾಗಿ ರಿಕ್ವೆಸ್ಟ್ ಆ್ಯನಿಮೇಷನ್ ಫ್ರೇಮ್ ಬಳಸುತ್ತದೆ. ಆದರೆ ಹಿಂದೆ ಸರಿದ ಟ್ಯಾಬ್‌ಗೆ ಬ್ರೌಸರ್ ಪರದೆ ಬರೆಯುವುದೇ ಇಲ್ಲ. ಹಾಗಾಗಿ ಟೈಟಲ್ ಬದಲಾಗುವುದೂ ಇಲ್ಲ. ಟ್ಯಾಬ್‌ಗೆ ವಾಪಸ್ ಬಂದ ಕ್ಷಣ ಎಲ್ಲ ಸರಿಯಾಗುತ್ತದೆ. ನೋಡಲು ಹೋದರೆ ಮಾಯವಾಗುವ ಬಗ್ ಅಂದರೆ ಇದೇ! ಪರಿಹಾರ ಒಂದೇ ಪದ: ಡಿಫರ್ ಅನ್ನುವ ಆಯ್ಕೆಗೆ ಫಾಲ್ಸ್ ಅಂತ ಕೊಡುವುದು. ಡಾಕ್ಯುಮೆಂಟೇಷನ್‌ನಲ್ಲಿ ಇದೆ, ನಾನು ಓದಿರಲಿಲ್ಲ. ನಮ್ಮ ಅನಲಿಟಿಕ್ಸ್‌ನಲ್ಲಿ ಪ್ರತಿ ಪುಟಕ್ಕೂ ಹಿಂದಿನ ಪುಟದ ಟೈಟಲ್ ದಾಖಲಾಗುತ್ತಿದ್ದುದಕ್ಕೂ ಇದೇ ಕಾಯುವಿಕೆ ಕಾರಣ ಅಂತ ಆಮೇಲೆ ಹೊಳೆಯಿತು.

ಇನ್ನು ಪ್ರಿವ್ಯೂ, ಅಂದರೆ ಲಿಂಕ್ ಕಳಿಸಿದಾಗ ಅದರ ಜೊತೆ ಕಾಣುವ ಹೆಸರು ಮತ್ತು ಚಿತ್ರದ ವಿಷಯ. ಪಾಠದ ಲಿಂಕ್ ಅನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಯಾವಾಗಲೂ ಮುಖಪುಟದ ಹೆಸರು ಮತ್ತು ಚಿತ್ರವೇ ಬರುತ್ತಿತ್ತು. ಗೂಗಲ್ ಹುಡುಕಾಟದಲ್ಲಿ ಮಾತ್ರ ಪಾಠದ ಹೆಸರು ಸರಿಯಾಗಿತ್ತು. ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಹೀಗಾಗಿ ಟ್ಯಾಗ್‌ನಲ್ಲೇ ಏನೋ ಅಕ್ಷರ ತಪ್ಪಿದೆ ಅಂತ ಹುಡುಕುತ್ತ ಕೂತೆ. ಬ್ರೌಸರ್‌ನ ಇನ್‌ಸ್ಪೆಕ್ಟ್ ತೆರೆದರೆ ಎಲ್ಲ ಟ್ಯಾಗ್ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಅದೇ ನನ್ನನ್ನು ದಾರಿ ತಪ್ಪಿಸಿದ್ದು. ಇನ್‌ಸ್ಪೆಕ್ಟ್ ತೋರಿಸುವುದು ಜಾವಾಸ್ಕ್ರಿಪ್ಟ್ ಓಡಿದ ನಂತರದ ಪುಟ. ಪ್ರಿವ್ಯೂ ತಯಾರಿಸುವ ಬಾಟ್‌ಗೆ (ತಾನಾಗಿ ಪುಟ ಓದುವ ಪ್ರೋಗ್ರಾಂಗೆ) ಸಿಗುವುದು ಸರ್ವರ್ ಕಳಿಸಿದ ಮೂಲ ಫೈಲ್. ಅದು ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ಗೂಗಲ್‌ಬಾಟ್ ಓಡಿಸುತ್ತದೆ, 2019ರ ಮೇ ತಿಂಗಳಿನಿಂದ ಕ್ರೋಮ್ ಬ್ರೌಸರ್‌ನ ಮೂಲವಾದ ಕ್ರೋಮಿಯಂನ ಹೊಸ ಆವೃತ್ತಿಗಳನ್ನೇ ಬಳಸುತ್ತಿದೆ. ವ್ಯತ್ಯಾಸ ಇಷ್ಟೇ. ಮೂಲ ಫೈಲ್ ತೋರಿಸುವ ವ್ಯೂ ಸೋರ್ಸ್ ಒತ್ತಿದ್ದರೆ ಹತ್ತು ಸೆಕೆಂಡಿನಲ್ಲಿ ತಿಳಿಯುತ್ತಿತ್ತು.

ಬ್ರೌಸರ್‌ನಲ್ಲಿ ಓಡುವ ಯಾವ ಲೈಬ್ರರಿಯೂ ಇದನ್ನು ಸರಿಮಾಡಲಾರದು. ಟ್ಯಾಗ್‌ಗಳು ಸರ್ವರ್‌ನಿಂದಲೇ ಬರಬೇಕು. ಪುಟಗಳು ಕಡಿಮೆ ಇದ್ದರೆ ಬಿಲ್ಡ್ ಮಾಡುವಾಗಲೇ ಒಂದೊಂದು ಪುಟಕ್ಕೆ ಒಂದೊಂದು ಎಚ್‌ಟಿಎಂಎಲ್ ಮಾಡಿಡಬಹುದು. ನಮ್ಮಲ್ಲಿ ಪಾಠಗಳು ದಿನವೂ ಸೇರುತ್ತಿದ್ದವು. ಅದಕ್ಕೆ ಸರ್ವರ್ ರೆಂಡರಿಂಗ್, ಅಂದರೆ ಕೇಳಿದಾಗ ಸರ್ವರ್‌ನಲ್ಲೇ ಪುಟ ತಯಾರಿಸುವ ವ್ಯವಸ್ಥೆ ಹಾಕಿಕೊಂಡೆವು. ಆಗ ಹಳೇ ಹೆಲ್ಮೆಟ್ ಬಿಟ್ಟು ರಿಯಾಕ್ಟ್ ಹೆಲ್ಮೆಟ್ ಅಸಿಂಕ್‌ಗೆ ಬಂದೆವು. ಹಳೆಯದು ಎಲ್ಲ ಟೈಟಲ್‌ಗಳನ್ನೂ ಒಂದೇ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ ಹೊತ್ತಿಗೆ ಇಬ್ಬರು ಪುಟ ಕೇಳಿದರೆ ಒಬ್ಬರ ಟೈಟಲ್ ಇನ್ನೊಬ್ಬರಿಗೆ ಹೋಗುವ ಸಾಧ್ಯತೆ ಇರುತ್ತದೆ. ಅಸಿಂಕ್ ಆವೃತ್ತಿ ಪ್ರತಿ ಕೋರಿಕೆಗೂ ಟೈಟಲ್ ಇಡಲು ಬೇರೆ ಜಾಗ (ಪ್ರೊವೈಡರ್) ಕೊಡುತ್ತದೆ. ಬರೆಯುವ ರೀತಿ ಮಾತ್ರ ಹಳೆಯದೇ, ಬದಲಾಯಿಸಲು ಒಂದು ಮಧ್ಯಾಹ್ನ ಸಾಕಾಯಿತು. ಅಂದಹಾಗೆ, ಓಪನ್ ಗ್ರಾಫ್ ಚಿತ್ರಕ್ಕೆ ಪೂರ್ತಿ ವಿಳಾಸವನ್ನೇ ಕೊಡಿ. ಅರ್ಧ ವಿಳಾಸ ಕೊಟ್ಟು ಚಿತ್ರ ಬರಲಿಲ್ಲ ಅಂತ ಮತ್ತೊಂದು ದಿನ ಕಳೆದೆ.

ಹೆಲ್ಮೆಟ್ ಮಾಡದ ಇನ್ನೊಂದು ಕೆಲಸ ಇದೆ. ಸಾಮಾನ್ಯ ಜಾಲತಾಣದಲ್ಲಿ ಹೊಸ ಪುಟ ತೆರೆದ ಕೂಡಲೇ, ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದರ ಟೈಟಲ್ ಓದಿ ಹೇಳುತ್ತದೆ. ಇಲ್ಲಿ ಪುಟ ತೆರೆಯುವುದೇ ಇಲ್ಲವಲ್ಲ, ಟೈಟಲ್ ಬದಲಾದರೂ ಅದು ಮೌನ. ಕಣ್ಣು ಕಾಣದ ಬಳಕೆದಾರರೊಬ್ಬರು ‘ಲಿಂಕ್ ಒತ್ತಿದರೆ ಏನೂ ಆಗುತ್ತಿಲ್ಲ’ ಅಂತ ಬರೆದಾಗಲೇ ನಮಗೆ ಗೊತ್ತಾದದ್ದು. ಈಗ ಪುಟ ಬದಲಾದ ಮೇಲೆ ಫೋಕಸ್ ಅನ್ನು ದೊಡ್ಡ ಶೀರ್ಷಿಕೆಗೆ ಒಯ್ಯುತ್ತೇವೆ. ಇದು ಲೈಬ್ರರಿಯ ತಪ್ಪಲ್ಲ, ಆದರೆ ಟೈಟಲ್ ಬದಲಾಯಿತಲ್ಲ ಅಂತ ನಾವು ನಿಶ್ಚಿಂತೆಯಿಂದ ಇದ್ದೆವು.

ಮೂಲ ಹೆಲ್ಮೆಟ್‌ನ 6.1.0 ಆವೃತ್ತಿ 2020ರದ್ದು. ಡೆವಲಪ್‌ಮೆಂಟ್‌ನಲ್ಲಿ ರಿಯಾಕ್ಟ್‌ನ ಬಿಗಿ ತಪಾಸಣೆಯಾದ ಸ್ಟ್ರಿಕ್ಟ್ ಮೋಡ್ ಹಾಕಿದರೆ, ಈಗ ಬಳಸಬಾರದ ಹಳೇ ಲೈಫ್‌ಸೈಕಲ್ ವಿಧಾನದ ಬಗ್ಗೆ ಕೆಂಪು ಎಚ್ಚರಿಕೆ ಬರುತ್ತದೆ. 2024ರ ಡಿಸೆಂಬರ್‌ನಲ್ಲಿ ಬಂದ ರಿಯಾಕ್ಟ್ 19 ಟೈಟಲ್, ಮೆಟಾ, ಲಿಂಕ್ ಟ್ಯಾಗ್‌ಗಳನ್ನು ಎಲ್ಲಿ ಬರೆದರೂ ತಾನೇ ಎತ್ತಿ ಹೆಡ್‌ಗೆ ಹಾಕುತ್ತದೆ. ಹೊಸದಾಗಿ ಶುರುಮಾಡುವವರು ಮೊದಲು ಅದನ್ನೇ ನೋಡಿ. ಆದರೆ ಅದರಲ್ಲಿ ಒಳಗಿನದು ಗೆಲ್ಲುವ ನಿಯಮ ಇಲ್ಲ, ಟೆಂಪ್ಲೇಟ್ ಇಲ್ಲ. ಲೇಔಟ್‌ನಲ್ಲೊಂದು, ಪುಟದಲ್ಲೊಂದು ಡಿಸ್ಕ್ರಿಪ್ಷನ್ ಬರೆದರೆ ಎರಡೂ ಹೋಗಿ ಕೂರುತ್ತವೆ. ನಾವು ಲೇಔಟ್‌ಗಳಿಂದ ಎಲ್ಲ ಟ್ಯಾಗ್ ತೆಗೆದು, ಪುಟಕ್ಕೊಂದು ಸಣ್ಣ ಕಾಂಪೊನೆಂಟ್ ನಾವೇ ಬರೆದುಕೊಂಡೆವು. ಮೂವತ್ತು ಸಾಲೂ ಇಲ್ಲ. ಪಾಠಗಳ ಆಪ್‌ನಿಂದ ಹೆಲ್ಮೆಟ್ ಹೋಯಿತು. ಚಾಟ್ ಪ್ಯಾನೆಲ್‌ನಲ್ಲಿ ಇನ್ನೂ ಇದೆ, ಡಿಫರ್ ಫಾಲ್ಸ್ ಜೊತೆಗೆ. ಅದನ್ನು ಮುಟ್ಟಬೇಡಿ ಅಂತ ಸಪೋರ್ಟ್ ತಂಡದವರು ಹೇಳಿದ್ದಾರೆ.